ಹಳೇ ಮಸ್ಟಾಂಗ್ ಅಡ್ಡಡ್ಡ ಓಡಿಸಲು ಮಾಡಿದ ಕೆಲಸ, ಕೆಡಿಸಿದ ಕೆಲಸ

ಕಾರು ಈಗ ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿದೆ. ಎಡಗಡೆಯ ಮುಂದಿನ ಚಕ್ರ ಗೋಡೆಗೆ ಒರಗಿದೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಳ್ಳಿ ಎಳೆಯುವ ಸರಳು, ಟೈ ರಾಡ್, ಬಗ್ಗಿ ಮೇಜಿನ ಮೇಲೆ ಬಾಳೆಹಣ್ಣಿನ ಹಾಗೆ ಮಲಗಿದೆ. ಹೊಸದು ಬರುವವರೆಗೆ ಕೈಗೆ ಕೆಲಸವಿಲ್ಲ. ಆ ಪುರುಸೊತ್ತಿನಲ್ಲಿ ಇದನ್ನು ಬರೆದಿಡುತ್ತಿದ್ದೇನೆ.

ನಾನಿರುವುದು ಮಿಶಿಗನ್‌ನ ಟ್ರಾಯ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಜನವರಿಯಲ್ಲಿ ಪಂಪ ಕನ್ನಡ ಕೂಟದ ಗೆಳೆಯರ ಜೊತೆ ಸಂಕ್ರಾಂತಿ ಊಟಕ್ಕೆ ಕೂತಿದ್ದಾಗ ಮಾತು ಕಾರಿನ ಕಡೆ ಹೊರಳಿತು. ಒಬ್ಬರು ಅಂದರು: "ಈ ಅಮೆರಿಕನ್ ಮಸಲ್ ಕಾರು ನೆಟ್ಟಗೆ ಓಡೋಕೆ ಮಾತ್ರ ಸರಿ ಕಣ್ರೀ. ತಿರುವಿನಲ್ಲಿ ಅಡ್ಡ ಜಾರಿಸಬೇಕು ಅಂದ್ರೆ ಜಪಾನಿ ಗಾಡಿನೇ ಬೇಕು." ಮಸಲ್ ಕಾರು ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಗಾಡಿ. ಹಿಂದಿನ ಚಕ್ರ ಜಾರಿಸುತ್ತಾ ಕಾರನ್ನು ಅಡ್ಡಡ್ಡ ಓಡಿಸುವ ಆಟಕ್ಕೆ ಡ್ರಿಫ್ಟ್ ಅನ್ನುತ್ತಾರೆ. ನನಗೆ ಉತ್ತರ ಗೊತ್ತಿರಲಿಲ್ಲ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು.

ಫೆಬ್ರುವರಿ 24, 2024. ಕಾರು ಬಂತು

2008ರ ಫೋರ್ಡ್ ಮಸ್ಟಾಂಗ್ ಜಿಟಿ. 4.6 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ (ವಿ8), 5 ಗೇರಿನ ಮ್ಯಾನುಯಲ್, 1,12,000 ಮೈಲಿ ಓಡಿದೆ. ಕೊಟ್ಟಿದ್ದು 7,200 ಡಾಲರ್.

ಈ ಮಾಡೆಲ್ಲೇ ಯಾಕೆ ಅಂದರೆ ಮೂರು ಕಾರಣ. ಕಾರ್ಖಾನೆಯಿಂದಲೇ 300 ಹಾರ್ಸ್‌ಪವರ್ ಬರುತ್ತದೆ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಒಂದು ಬಟನ್ ಒತ್ತಿದರೆ ಆಫ್ ಆಗುತ್ತದೆ, ಆಮೇಲೆ ಕಂಪ್ಯೂಟರ್ ನಡುವೆ ಬಾಯಿ ಹಾಕುವುದಿಲ್ಲ. ಮೂರನೆಯದು, ಬಿಡಿಭಾಗ ಇಲ್ಲಿ ತರಕಾರಿ ಹಾಗೆ ಸಿಗುತ್ತವೆ. ಈ ಕಾರು ತಯಾರಾಗಿದ್ದು ನಮ್ಮನೆಯಿಂದ ಒಂದು ಗಂಟೆಯೊಳಗೆ ಹೋಗಬಹುದಾದ ಫ್ಲ್ಯಾಟ್ ರಾಕ್‌ನಲ್ಲಿ. ಚಾಸಿಸ್ ನಂಬರ್ 1ಝಡ್‌ವಿ ಅಂತ ಶುರುವಾದರೆ ಆ ಕಾರ್ಖಾನೆಯದು. ಗುಜರಿ ಅಂಗಳಕ್ಕೆ ಹೋದರೆ ಇಂಥದ್ದೇ ಹತ್ತು ಗಾಡಿ ನಿಂತಿರುತ್ತವೆ.

ಜಪಾನಿ ಗಾಡಿಯನ್ನೂ ನೋಡಿದ್ದೆ. ಡ್ರಿಫ್ಟ್‌ನವರ ಮುದ್ದಿನ ನಿಸ್ಸಾನ್ 240ಎಸ್‌ಎಕ್ಸ್ ಈಗ ತುಕ್ಕು ಹಿಡಿದ ಡಬ್ಬವಾಗಿದ್ದರೂ ನನ್ನ ಬಜೆಟ್‌ಗೆ ಸಿಗಲಿಲ್ಲ.

ತುಕ್ಕು ಅಂದ ಕೂಡಲೇ ನೆನಪಾಯಿತು. ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ನನ್ನ ಕಾರಿನ ಅಡಿ ನೋಡಿದರೆ ಪ್ರತಿ ಬೋಲ್ಟೂ ಕಂದು ಬಣ್ಣದ ಗಡ್ಡೆ. ಕೊಳ್ಳುವಾಗ ಇದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಆ ತಪ್ಪಿಗೆ ಮುಂದೆ ಗಂಟೆಗಟ್ಟಲೆ ದಂಡ ಕಟ್ಟಿದೆ.

ಮಾರ್ಚ್ 9. ಬಿಚ್ಚುವ ಮುಂಚೆ ಅಳತೆ

ಮೊದಲು ಅಳೆದು ಬರೆದಿಟ್ಟುಕೊಂಡೆ. ಈ ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ ಅನ್ನಬಹುದು.

ಮುಂದಿನ ಚಕ್ರ ಎಷ್ಟು ತಿರುಗುತ್ತದೆ? ಎರಡು ತಗಡಿನ ನಡುವೆ ಗ್ರೀಸ್ ಹಚ್ಚಿ, ಒಂದೊಂದು ಚಕ್ರದ ಕೆಳಗೂ ಇಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸ್ಟೇರಿಂಗ್ ಕೊನೆಯವರೆಗೆ ತಿರುಗಿಸಿದರೆ ಒಳಗಿನ ಚಕ್ರ 37 ಡಿಗ್ರಿ, ಹೊರಗಿನದು 31.

ಎಂಜಿನ್ ಶಕ್ತಿಯನ್ನು ಎರಡೂ ಹಿಂದಿನ ಚಕ್ರಕ್ಕೆ ಹಂಚುವ ಗೇರ್ ಗುಂಪು, ಡಿಫರೆನ್ಶಿಯಲ್, ಎರಡನ್ನೂ ಒಟ್ಟಿಗೆ ಎಷ್ಟು ಹಿಡಿಯುತ್ತದೆ? ಒಂದು ಹಿಂದಿನ ಚಕ್ರ ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ, ಗಾಡಿ ನ್ಯೂಟ್ರಲ್‌ನಲ್ಲಿ. ಮೇಲಿರುವ ಚಕ್ರವನ್ನು ಟಾರ್ಕ್ ರೆಂಚ್‌ನಿಂದ ತಿರುಗಿಸಬೇಕು. ಕನಿಷ್ಠ 20 ಅಡಿ-ಪೌಂಡ್ ಬೇಕು. ನನ್ನದು 9ಕ್ಕೇ ತಿರುಗಿತು. ಅಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಸವೆದು ಮುಗಿದಿವೆ.

ಉತ್ತರ ಅವತ್ತೇ ಕಾಗದದ ಮೇಲಿತ್ತು. ನಾನು ಓದಲಿಲ್ಲ.

ಮಾರ್ಚ್ 23. ನೀರಿಗೆ ಹಾಕಿದ 610 ಡಾಲರ್

ಪವರ್ ಜಾಸ್ತಿ ಆಗಲಿ ಅಂತ ಹೊಸ ಏರ್ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಎಳೆಯುವ ಪೈಪು) ಮತ್ತು ಜೋರು ಸದ್ದಿನ ಸೈಲೆನ್ಸರ್ ಹಾಕಿದೆ. ಯಾಕೆ? ವಿಡಿಯೋ ನೋಡಿ. ಸದ್ದು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಇಡೀ ವರ್ಷದಲ್ಲಿ ಒಂದು ಸಲವೂ ಪವರ್ ಸಾಲದು ಅನ್ನಿಸಲಿಲ್ಲ. ಅಡ್ಡ ಜಾರಿಸಲು ಈ ವಿ8ಗೆ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು. ಸಣ್ಣ ಎಂಜಿನ್ ಗಾಡಿಯವರು ಕ್ಲಚ್ ಒದ್ದು ಒದ್ದು ಟೈರ್ ಜಾರಿಸುತ್ತಾರೆ. ನನಗೆ ಆ ಕಷ್ಟ ಬರಲೇ ಇಲ್ಲ. ಕ್ಲಚ್ ಇನ್ನೂ ಹಳೆಯದೇ ಇದೆ.

ಅದೇ ವಾರ ಹಿಂದಿನ ಗೇರ್ ಅನುಪಾತ (ಚಕ್ರ ಒಂದು ಸುತ್ತು ಬರಲು ಅದನ್ನು ತಿರುಗಿಸುವ ಶಾಫ್ಟ್ ಎಷ್ಟು ಸುತ್ತು ಬರಬೇಕು ಅನ್ನುವುದು) 3.31 ಇದ್ದದ್ದನ್ನು 3.73ಕ್ಕೆ ಬದಲಿಸಲು ಹೊರಟಿದ್ದೆ. ದುಡ್ಡು ಕೊಡುವ ಮುಂಚೆ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಎರಡನೇ ಗೇರ್ 2.00, ಟೈರ್ ಎತ್ತರ 27.2 ಇಂಚು. 3.31ರಲ್ಲಿ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಚಕ್ರದ ವೇಗ ಗಂಟೆಗೆ 73 ಮೈಲಿ. 3.73ರಲ್ಲಿ 65. ಕಾರು ಜಾರಿಸಿ ಕಲಿಯುವ ಅಂಗಳದಲ್ಲಿ, ಅಂದರೆ ಸ್ಕಿಡ್ ಪ್ಯಾಡ್‌ನಲ್ಲಿ, ಚಕ್ರ ತಿರುಗುವುದು ಸುಮಾರು 60 ಮೈಲಿ ವೇಗದಲ್ಲಿ. ಈಗಿರುವ ಗೇರಿನಲ್ಲೇ ಅದು 4,900 ಸುತ್ತು. ಎಂಜಿನ್‌ಗೆ ಅದು ಒಳ್ಳೇ ಜಾಗ. ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ, ದುಡ್ಡು ಉಳಿಯಿತು.

ಏಪ್ರಿಲ್ 21. ಮೊದಲ ದಿನ ಟ್ರ್ಯಾಕ್‌ನಲ್ಲಿ

ಪ್ರವೇಶ 90 ಡಾಲರ್. ಒದ್ದೆ ಸ್ಕಿಡ್ ಪ್ಯಾಡ್, ನಡುವೆ ಒಂದು ಕಿತ್ತಳೆ ಕೋನ್. ಅದರ ಸುತ್ತ ಅಡ್ಡ ಜಾರುತ್ತಾ ಸುತ್ತಬೇಕು.

22 ಸಲ ಹೋದೆ. 17 ಸಲ ಬುಗುರಿ ಹಾಗೆ ಪೂರ್ತಿ ತಿರುಗಿಬಿಟ್ಟೆ. ಉಳಿದ 5 ಸಲ ಜಾರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ಯಾಡ್ ಒಣಗಿದ ಮೇಲೆ ಇನ್ನೊಂದು ತಮಾಷೆ ಶುರುವಾಯಿತು. ಒಳಗಿನ ಒಂದೇ ಚಕ್ರ ಹೊಗೆ ಬಿಡುತ್ತಿತ್ತು, ಇನ್ನೊಂದು ಸುಮ್ಮನೆ ಉರುಳುತ್ತಿತ್ತು. ಒಂಟಿ ಕಾಲಿನಲ್ಲಿ ಕುಂಟಾಬಿಲ್ಲೆ ಆಡಿದ ಹಾಗೆ.

ಪಕ್ಕದಲ್ಲಿ ಒಬ್ಬರು ಡಾಡ್ಜ್ ಚಾಲೆಂಜರ್ ತಂದಿದ್ದರು. ನನ್ನ ಕಾರಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 107 ಇಂಚು, ಅವರದು 116. ನಿಸ್ಸಾನ್ 240ಎಸ್‌ಎಕ್ಸ್ ಹಳೇ ಮಾಡೆಲ್ 97. ಮೂರನ್ನೂ ಒಂದೇ ಪ್ಯಾಡ್‌ನಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಿಸ್ಸಾನ್ ನಾಯಿಮರಿ ಹಾಗೆ ಗಕ್ಕನೆ ತಿರುಗುತ್ತದೆ. ಚಾಲೆಂಜರ್ ಎಮ್ಮೆ ಹೊರಳಿದ ಹಾಗೆ ನಿಧಾನ. ಹೊರಳಿದ ಮೇಲೆ ಅದನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. ಮಸ್ಟಾಂಗ್ ನಡುವೆ. ಕಲಿಯುವವನಿಗೆ ಈ ನಿಧಾನ ಒಂದು ವರ. ಹಿಂಭಾಗ ಹೊರಟಿದ್ದು ಬೆನ್ನಿಗೆ ಗೊತ್ತಾಗುತ್ತದೆ, ಸ್ಟೇರಿಂಗನ್ನು ತಿರುವಿನ ಎದುರು ದಿಕ್ಕಿಗೆ ತಿರುಗಿಸಲು ಸಮಯ ಸಿಗುತ್ತದೆ. ನನ್ನ ತೊಂದರೆ ಬೇರೆ. ಎದುರು ತಿರುಗಿಸುತ್ತಾ ಹೋದರೆ ಸ್ಟೇರಿಂಗ್ ಕೊನೆ ಮುಟ್ಟಿ ನಿಲ್ಲುತ್ತಿತ್ತು, ಕಾರು ಇನ್ನೂ ತಿರುಗುತ್ತಲೇ ಇರುತ್ತಿತ್ತು.

37 ಡಿಗ್ರಿ. ಕಾಗದದಲ್ಲಿ ಬರೆದಿತ್ತಲ್ಲ.

ಮೇ 4ರಿಂದ 18. ಡಿಫರೆನ್ಶಿಯಲ್

ಇದು ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ಶನಿವಾರ ಹಿಡಿಯಿತು.

ಸಾಮಾನು: ಕಾರ್ಬನ್ ಕ್ಲಚ್ ಪ್ಲೇಟ್ ಕಿಟ್ 95 ಡಾಲರ್, ಆಕ್ಸಲ್ ಬೇರಿಂಗ್ ಮತ್ತು ಸೀಲ್ 85, 75ಡಬ್ಲ್ಯು-140 ಸಿಂಥೆಟಿಕ್ ಗೇರ್ ಎಣ್ಣೆ ಮತ್ತು ಅದರ ಜೊತೆ ಹಾಕುವ ಫ್ರಿಕ್ಷನ್ ಮಾಡಿಫೈಯರ್ ಬಾಟಲಿ 60. ಒಟ್ಟು 240.

ಮೊದಲ ಶನಿವಾರ. ಹಿಂದಿನ ಚಕ್ರ, ಬ್ರೇಕ್ ಕ್ಯಾಲಿಪರ್, ಡಿಸ್ಕ್ ತೆಗೆದೆ. ಎಣ್ಣೆ ಇಳಿಸಲು ಕೆಳಗೆ ಬೋಲ್ಟ್ ಇಲ್ಲ. ಹಿಂದಿನ ಮುಚ್ಚಳವನ್ನೇ ಬಿಚ್ಚಬೇಕು. ಹತ್ತು ಬೋಲ್ಟ್‌ನಲ್ಲಿ ಎರಡು ತುಕ್ಕಿಗೆ ತಲೆ ಕಳೆದುಕೊಂಡವು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಗ್ಯಾಸ್ ಟಾರ್ಚ್‌ನಿಂದ ಕಾಯಿಸಿ, ವೈಸ್ ಪ್ಲೈಯರ್‌ನಿಂದ ಹಿಡಿದು ತಿರುಗಿಸಿದೆ. ಹಳೇ ಗೇರ್ ಎಣ್ಣೆಯ ವಾಸನೆ ಬಗ್ಗೆ ಹೇಳದಿರುವುದೇ ಒಳ್ಳೆಯದು. ಮನೆಯವಳು ಅವತ್ತು ಊಟವನ್ನು ಗ್ಯಾರೇಜಿನ ಬಾಗಿಲಿಗೇ ತಂದಿಟ್ಟು ಹೋದಳು.

ಒಳಗೆ ಒಂದು ಅಡ್ಡ ಪಿನ್ ಇದೆ, ಅದನ್ನು ಹಿಡಿದಿರುವ ಸಣ್ಣ ಲಾಕ್ ಬೋಲ್ಟ್ ಇದೆ. ಅದು ಮುರಿದರೆ ಎರಡು ದಿನ ಹೋಯಿತು ಅಂತಲೇ. ಕಾಯಿಸಿ ನಿಧಾನಕ್ಕೆ ಬಿಡಿಸಿದೆ, ಬಂತು. ಪಿನ್ ತೆಗೆದು, ಆಕ್ಸಲ್‌ಗಳನ್ನು ಒಳಕ್ಕೆ ತಳ್ಳಿದರೆ ಒಳಗಿನ ಸಿ-ಕ್ಲಿಪ್ ಕೈಗೆ ಬರುತ್ತದೆ. ಆಮೇಲೆ ಆಕ್ಸಲ್ ಹೊರಕ್ಕೆ ಎಳೆಯಬಹುದು.

ಈಗ ಮೊದಲ ತಪ್ಪು. ಎರಡು ಗೇರಿನ ನಡುವೆ ಇಂಗ್ಲಿಷಿನ ಎಸ್ ಆಕಾರದ ದಪ್ಪ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಅದರ ಮೇಲೆ ಬಟ್ಟೆ ಮುಚ್ಚಿ, ಪಕ್ಕಕ್ಕೆ ನಿಂತು ತಟ್ಟಬೇಕು. ನಾನು ಬಟ್ಟೆ ಮುಚ್ಚಲಿಲ್ಲ. ಸುತ್ತಿಗೆಯ ಎರಡನೇ ಏಟಿಗೆ ಅದು ನನ್ನ ಕಿವಿ ಪಕ್ಕದಲ್ಲಿ ಹಾರಿ ಹೋಗಿ ಟ್ಯೂಬ್‌ಲೈಟ್ ಒಡೆಯಿತು. ಕನ್ನಡಕ ಹಾಕಿದ್ದೆ ಅನ್ನುವುದೊಂದೇ ಸಮಾಧಾನ. ದಯವಿಟ್ಟು ಈ ಸ್ಪ್ರಿಂಗ್ ಎದುರು ಮುಖ ಇಡಬೇಡಿ.

ಎರಡನೇ ತಪ್ಪು ಇನ್ನೂ ದುಬಾರಿ. ಒಳಗಿನ ಸಣ್ಣ ಗೇರ್‌ಗಳನ್ನು (ಸ್ಪೈಡರ್ ಗೇರ್) ಉರುಳಿಸಿ ತೆಗೆದೆ, ಎರಡೂ ಪಕ್ಕದ ಪ್ಲೇಟ್ ಕಟ್ಟು ಹೊರಗೆ ಬಂತು. ಪ್ರತಿ ಕಟ್ಟಿನ ಹಿಂದೆ ಸಂದು ತುಂಬುವ ಒಂದು ತೆಳು ಬಿಲ್ಲೆ, ಶಿಮ್, ಇರುತ್ತದೆ. ಎಡದ್ದು ಬಲದ್ದು ದಪ್ಪ ಬೇರೆ ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಸೀಮೆಎಣ್ಣೆಗೆ ಹಾಕಿ ತೊಳೆದೆ. ತೊಳೆದ ಮೇಲೆ ಯಾವುದು ಯಾವ ಕಡೆಯದು?

ಎರಡನೇ ಶನಿವಾರ ಪೂರ್ತಿ ಅದಕ್ಕೇ ಹೋಯಿತು. ಹೊಸ ಪ್ಲೇಟ್‌ಗಳನ್ನು ಮಾಡಿಫೈಯರ್‌ನಲ್ಲಿ ನೆನೆಸಿ, ಒಂದು ಉಕ್ಕು ಒಂದು ಕಾರ್ಬನ್ ಅಂತ ಜೋಡಿಸಿ ಕೂರಿಸಿದೆ. ಬಲಗಡೆ ಗೇರ್ ಒಳಕ್ಕೇ ಹೋಗಲಿಲ್ಲ. ಎಡಗಡೆ ಲೊಡಲೊಡ.

ದಾವಣಗೆರೆಯಲ್ಲಿ ನನ್ನ ಸೋದರಮಾವ ಮೂವತ್ತು ವರ್ಷ ಲಾರಿ ಗ್ಯಾರೇಜ್ ನಡೆಸಿದವರು. ರಾತ್ರಿ ಅವರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಕಾಫಿ ಲೋಟ ಹಿಡಿದು ನೋಡಿದರು.

"ಬಿಚ್ಚೋ ಮುಂಚೆ ಚಾಕ್‌ಪೀಸಲ್ಲಿ ಗುರುತು ಹಾಕಿದ್ಯೇನಪ್ಪಾ?"

"ಇಲ್ಲ ಮಾವ."

"ಹಾಂ. ಹಂಗಾರೆ ಎರಡನ್ನೂ ಅದಲು ಬದಲು ಮಾಡಿ ಹಾಕು. ಇರೋದೇ ಎರಡು ಅಲ್ವಾ?"

ಅಷ್ಟೇ. ನಾನು ಮೈಕ್ರೋಮೀಟರ್ ಹಿಡಿದು ಕೂತಿದ್ದೆ. ಅದಲು ಬದಲು ಮಾಡಿದ ಕೂಡಲೇ ಎರಡೂ ಕೂತವು. ಆಮೇಲೆ ಅವರು ಕೇಳಿದರು, ಇಷ್ಟೆಲ್ಲ ಯಾಕೆ ಅಂತ. ಅಡ್ಡ ಓಡಿಸಲು ಅಂದೆ. "ಟೈರು ಸವೆಸೋಕೆ ದುಡ್ಡು ಬೇರೆ ಕೊಡ್ತೀಯಾ?" ಅಂತ ನಕ್ಕು ಕಾಲ್ ಇಟ್ಟರು.

ಮೂರನೇ ಶನಿವಾರ. ಮುಚ್ಚಳದ ಅಂಚನ್ನು ಉಜ್ಜಿ ಒರೆಸಿ ಸಿಲಿಕೋನ್ ಹಚ್ಚಿ ಕೂರಿಸಿದೆ. ಸುಮಾರು ಎರಡೂಕಾಲು ಲೀಟರ್ ಎಣ್ಣೆ ಹಿಡಿಯಿತು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಅನುಮತಿ ಕೇಳಿ, ನಿಧಾನಕ್ಕೆ ಎಂಟು ಆಕಾರದಲ್ಲಿ ಇಪ್ಪತ್ತು ಸುತ್ತು ಹಾಕಿದೆ. ಹೊಸ ಪ್ಲೇಟ್‌ಗಳ ನಡುವೆ ಎಣ್ಣೆ ಹೋಗಲು ಇದು ಬೇಕು. ಮೊದಲು ಗೊರಗೊರ ಅನ್ನುತ್ತಿತ್ತು, ಆಮೇಲೆ ನಿಂತಿತು. ಮತ್ತೆ ಟಾರ್ಕ್ ರೆಂಚ್ ಹಾಕಿದೆ: 70 ಅಡಿ-ಪೌಂಡ್. ಮುಂಚೆ 9.

ಡಿಫರೆನ್ಶಿಯಲ್ ವೆಲ್ಡ್ ಮಾಡಿಬಿಡು ಅಂತ ಟ್ರ್ಯಾಕ್‌ನಲ್ಲಿ ಹಲವರು ಹೇಳಿದ್ದರು. ಹಾಗೆ ಮಾಡಿದರೆ ಎರಡೂ ಚಕ್ರ ಯಾವಾಗಲೂ ಒಟ್ಟಿಗೇ ತಿರುಗುತ್ತವೆ, ರಸ್ತೆಯ ತಿರುವಿನಲ್ಲೂ. ಅಗ್ಗ, ನಿಜ. ಆದರೆ ನಾನು ಇದೇ ಕಾರಿನಲ್ಲಿ ಹಾಲು ತರಲು ಹೋಗುತ್ತೇನೆ.

ಜೂನ್ 2. ಎರಡೂ ಚಕ್ರ ಹೊಗೆ

ಎರಡನೇ ದಿನಕ್ಕೆ ಬೇರೆ ಕಾರೇ ಅನ್ನಿಸಿತು. ಎರಡೂ ಹಿಂದಿನ ಚಕ್ರ ಒಟ್ಟಿಗೆ ಬಿಡುತ್ತವೆ, ಒಟ್ಟಿಗೆ ಹಿಡಿಯುತ್ತವೆ. ಕೋನ್ ಸುತ್ತ ಮೊದಲ ಸಲ ಪೂರ್ತಿ ಒಂದು ಸುತ್ತು ಬಂದೆ. ಕೂಗಿದ್ದು ಹೆಲ್ಮೆಟ್ ಒಳಗೇ ಉಳಿಯಿತು.

ಹಿಂದಿನ ಆಕ್ಸಲ್ ಇಡಿಯಾಗಿ ಒಂದೇ ದಿಮ್ಮಿ ಅನ್ನುವುದನ್ನು ಎಲ್ಲರೂ ಬೈಯುತ್ತಾರೆ. ಡ್ರಿಫ್ಟ್‌ನಲ್ಲಿ ಅದರಿಂದ ಒಂದು ಲಾಭವಿದೆ. ಹಿಂಭಾಗ ಕುಗ್ಗಿದರೂ ಎದ್ದರೂ ಎರಡು ಟೈರೂ ನೆಲಕ್ಕೆ ಸಪಾಟಾಗಿ ಕೂತಿರುತ್ತವೆ, ಹಿಡಿತ ದಿಢೀರ್ ಅಂತ ಬದಲಾಗುವುದಿಲ್ಲ. ನಷ್ಟವೂ ಇದೆ. ಒಣ ನೆಲದಲ್ಲಿ ಒಮ್ಮೊಮ್ಮೆ ಇಡೀ ಆಕ್ಸಲ್ ದಡದಡ ಕುಣಿಯುತ್ತದೆ. ಆಕ್ಸಲನ್ನು ಕಾರಿಗೆ ಹಿಡಿದಿಡುವ ಕೆಳಗಿನ ಎರಡು ತೋಳುಗಳಿಗೆ (ಕಂಟ್ರೋಲ್ ಆರ್ಮ್) ಗಟ್ಟಿ ಬುಷ್ ಇರುವ ಸೆಕೆಂಡ್ ಹ್ಯಾಂಡ್ ಜೋಡಿ 60 ಡಾಲರ್‌ಗೆ ಸಿಕ್ಕಿತು. ಹಾಕಿದ ಮೇಲೆ ಕುಣಿತ ಮುಕ್ಕಾಲು ಪಾಲು ಹೋಯಿತು. ಕಾರಿನೊಳಗೆ ಗುಂಯ್ ಅನ್ನುವ ಸದ್ದು ಬಂತು. ಪರವಾಗಿಲ್ಲ.

ಹ್ಯಾಂಡ್‌ಬ್ರೇಕ್‌ನ ಕಥೆಯೂ ಈ ಮಧ್ಯೆಯದೇ. ಹಿಂಭಾಗ ಜಾರಿಸಲು ಕಾರಿನ ಕೇಬಲ್ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರ ಯೋಚನೆ ಮಾಡಿ ನಿಲ್ಲುತ್ತಿತ್ತು. ಹೈಡ್ರಾಲಿಕ್ ಲಿವರ್ ತರಿಸಿ ಹಿಂದಿನ ಬ್ರೇಕ್ ಪೈಪಿನ ನಡುವೆ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್ ಡಬ್ಬಿ ಆದ ಮೇಲೆ ಜೋಡಿಸಿದೆ. ಗಾಡಿ ನಿಲ್ಲಿಸಲು ಕೇಬಲ್ ಹಾಗೇ ಇದೆ. ಪೈಪಿನ ತುದಿ ಅರಳಿಸುವುದರಲ್ಲಿ ಎರಡು ಬಗೆ ಇವೆ: ಒಂದು ಒಳಕ್ಕೆ ಮಡಚಿದ್ದು, ಇನ್ನೊಂದು ಗುಳ್ಳೆ ಆಕಾರದ್ದು. ನಾನು ಗುಳ್ಳೆ ಬೇಕಾದ ಕಡೆ ಮಡಚಿದ್ದನ್ನು ಹಾಕಿದೆ. ಕೈಯಲ್ಲಿ ಬಿಗಿ ಅನ್ನಿಸಿತು, ಬ್ರೇಕ್ ಒತ್ತಿದ ಕೂಡಲೇ ಹನಿ ಹನಿ ಸೋರಿತು. ಇನ್ನೂ ಬಿಗಿ ಮಾಡಿದೆ, ಫಿಟ್ಟಿಂಗ್ ಹಾಳಾಯಿತು. ಪೈಪ್ ಮತ್ತೆ ಕೊಂಡಿದ್ದೂ ಸೇರಿ 190 ಡಾಲರ್. ಬ್ರೇಕ್ ವಿಷಯದಲ್ಲಿ ಸೋರಿಕೆಗೆ ಪಾನಾ ಜೋರಾಗಿ ಎಳೆಯುವುದು ಉಪಾಯವಲ್ಲ ಅಂತ ಆ ಫಿಟ್ಟಿಂಗನ್ನು ಮೊಳೆಗೆ ನೇತು ಹಾಕಿದ್ದೇನೆ. ಇದೇ ವಾರ 280 ಡಾಲರ್‌ಗೆ ಬಕೆಟ್ ಸೀಟ್ ಕೂಡ ಹಾಕಿದೆ. ಅದಕ್ಕೆ ಮುಂಚೆ ನನ್ನ ಅರ್ಧ ಶಕ್ತಿ ಸ್ಟೇರಿಂಗ್ ಹಿಡಿದು ನೇತಾಡುವುದಕ್ಕೇ ಹೋಗುತ್ತಿತ್ತು.

ಜೂನ್ 15ರಿಂದ ಜುಲೈ 6. ಸ್ಟೇರಿಂಗ್, ಅಗ್ಗದ ದಾರಿ

ಈಗ ಉಳಿದಿದ್ದು ಆ 37 ಡಿಗ್ರಿ.

ಮಸ್ಟಾಂಗ್ ಡ್ರಿಫ್ಟ್‌ಗೆ ಆಗಲ್ಲ ಅನ್ನುವವರಿಗೆ ಹೇಳಲು ನನ್ನ ಹತ್ತಿರ ಒಂದು ಸಾಲು ಸಿದ್ಧವಿತ್ತು. ಅಮೆರಿಕದ ಡ್ರಿಫ್ಟ್ ಸ್ಪರ್ಧೆಗಳ ಸರಣಿ ಫಾರ್ಮುಲಾ ಡ್ರಿಫ್ಟ್ 2004ರಲ್ಲಿ ಶುರುವಾಯಿತು. ಮರುವರ್ಷವೇ ರೀಸ್ ಮಿಲೆನ್ ಪಾಂಟಿಯಾಕ್ ಜಿಟಿಒದಲ್ಲಿ ಗೆದ್ದರು. 2010ರಲ್ಲಿ ವಾನ್ ಗಿಟ್ಟಿನ್ ಜೂನಿಯರ್ ಗೆದ್ದಿದ್ದು ನನ್ನದೇ ಪೀಳಿಗೆಯ ಮಸ್ಟಾಂಗ್‌ನಲ್ಲಿ. 2024ರಲ್ಲೂ ಜೇಮ್ಸ್ ಡೀನ್ ಮಸ್ಟಾಂಗ್‌ನಲ್ಲೇ ಚಾಂಪಿಯನ್ ಆದರು. ಆದರೆ ಆ ಕಾರುಗಳ ಮುಂದಿನ ಚಕ್ರ ನೋಡಿ. ಬಾಗಿಲಿಗೆ ಅಡ್ಡ ನಿಂತ ಹಾಗೆ ತಿರುಗಿರುತ್ತವೆ. ನನ್ನ ಕಾರಿಗೂ ಅವಕ್ಕೂ ಇರುವ ದೊಡ್ಡ ಅಂತರ ಅಲ್ಲೇ ಇದೆ.

ಅಗ್ಗದ ಉಪಾಯ: ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ಓಡುವ ಹಲ್ಲಿನ ಸರಳು, ಸ್ಟೇರಿಂಗ್ ರ್‍ಯಾಕ್ ಮತ್ತು ಒಳ ಟೈ ರಾಡ್ ನಡುವೆ 5 ಮಿಲಿಮೀಟರ್ ದಪ್ಪದ ಸ್ಪೇಸರ್. ಇದರಿಂದ ರ್‍ಯಾಕ್ ಎರಡೂ ಕಡೆ 5 ಮಿಲಿಮೀಟರ್ ಜಾಸ್ತಿ ಓಡುತ್ತದೆ. ಜೋಡಿಗೆ 45 ಡಾಲರ್. ತುಕ್ಕು ಹಿಡಿದ ಟೈ ರಾಡ್ ಎರಡೂ ಬಿಚ್ಚುವಾಗಲೇ ಹಾಳಾದವು, ಹೊಸದಕ್ಕೆ 130. ಟೈ ರಾಡ್ ಹೊರಗೆ ಬಂದಷ್ಟೂ ಮತ್ತೆ ಗಿಡ್ಡ ಮಾಡಬೇಕು, ಇಲ್ಲದಿದ್ದರೆ ಚಕ್ರಗಳು ನೇರ ನಿಲ್ಲಲ್ಲ. ಕಾರಿನ ಸುತ್ತ ದಾರ ಕಟ್ಟಿ ಅಳೆದು ಹೊಂದಿಸಿದೆ.

ಅಳತೆ: 37 ಇದ್ದದ್ದು 43 ಆಯಿತು. ಖುಷಿ ಹತ್ತು ನಿಮಿಷ. ಕೊನೆವರೆಗೆ ತಿರುಗಿಸಿದರೆ ಕಾರು ಪಕ್ಕಕ್ಕೆ ವಾಲದಂತೆ ಹಿಡಿಯುವ ಸರಳಿಗೆ (ಸ್ವೇ ಬಾರ್) ಟೈರ್ ಉಜ್ಜುತ್ತಿತ್ತು. ಚಕ್ರವನ್ನು ಹೊರಗೆ ತರಲು 25 ಮಿಲಿಮೀಟರ್ ವೀಲ್ ಸ್ಪೇಸರ್ ಹಾಕಿದೆ, ನಡುವಿನ ತೂತು 70.5 ಮಿಲಿಮೀಟರ್‌ನದ್ದೇ ಬೇಕು. 110 ಡಾಲರ್. ಈಗ ಸ್ವೇ ಬಾರ್ ಬಿಟ್ಟಿತು, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹಿಡಿಯಿತು. ಅದನ್ನು ಹೇರ್ ಡ್ರೈಯರ್‌ನಿಂದ ಕಾಯಿಸಿ ಒಳಕ್ಕೆ ಒತ್ತಿದೆ. ಹೇರ್ ಡ್ರೈಯರ್ ಮನೆಯವಳದು. ಆ ವಿಷಯ ಇಲ್ಲಿಗೆ ಬಿಡೋಣ.

ಜುಲೈ 14. ಹೊಗೆ, ಆದರೆ ಬೇರೆ ಕಡೆಯಿಂದ

ಬಿಸಿಲು ಚೆನ್ನಾಗಿತ್ತು. ಬೆಳಿಗ್ಗೆ ಎಂಟು ಸುತ್ತು ಸೊಗಸಾಗಿ ಬಂದೆ. ಒಂಬತ್ತನೇ ಸುತ್ತಿನಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಕಲ್ಲಿನಷ್ಟು ಗಟ್ಟಿ. ಬಾನೆಟ್ ಕೆಳಗಿಂದ ಬಿಳಿ ಹೊಗೆ. ಮಾರ್ಷಲ್ ಕೆಂಪು ಬಾವುಟ ಹಿಡಿದು ಓಡಿ ಬಂದರು.

ಪವರ್ ಸ್ಟೇರಿಂಗ್ ಎಣ್ಣೆ ಕುದಿದು ಉಕ್ಕಿ ಬಿಸಿ ಎಕ್ಸಾಸ್ಟ್ ಮೇಲೆ ಚೆಲ್ಲಿತ್ತು. ಈ ವರ್ಷದ ಕಾರುಗಳಲ್ಲಿ ಸ್ಟೇರಿಂಗ್‌ಗೆ ಎಣ್ಣೆ ಪಂಪ್ ಇದೆ. 2011ರಿಂದ ಎಲೆಕ್ಟ್ರಿಕ್ ಬಂತು. ಎಂಜಿನ್ 5,000 ಸುತ್ತು ತಿರುಗುತ್ತಾ, ನಾನು ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಸೆಯುತ್ತಾ ಇದ್ದರೆ ಪಂಪ್ ಏನು ಮಾಡಬೇಕು? ರಸ್ತೆಗೆ ಮಾಡಿದ ವಸ್ತುವಿಗೆ ನಾನು ಕೊಟ್ಟ ಶಿಕ್ಷೆ ಅದು.

ಅವತ್ತಿನ ದಿನ ಅಲ್ಲಿಗೆ ಮುಗಿಯಿತು. ಪರಿಹಾರ ಸುಲಭ: ರೇಡಿಯೇಟರ್ ಮುಂದೆ ಒಂದು ಸಣ್ಣ ಕೂಲರ್, ವಾಪಸ್ ಬರುವ ಪೈಪಿಗೆ ಜೋಡಿಸಿದ್ದು, 75 ಡಾಲರ್. ಹೊಸ ಎಣ್ಣೆ 30. ಎರಡು ಗಂಟೆಯ ಕೆಲಸ. ಎಂಜಿನ್ ಆರಿಸಿ, ಮುಂಭಾಗ ಎತ್ತಿ, ಸ್ಟೇರಿಂಗನ್ನು ಎರಡೂ ಕಡೆ ಇಪ್ಪತ್ತು ಸಲ ತಿರುಗಿಸಿ ಗಾಳಿ ಹೊರ ಹಾಕಿದೆ. 610 ಡಾಲರ್ ಸೈಲೆನ್ಸರ್ ಬದಲು ಇದನ್ನು ಮಾರ್ಚ್‌ನಲ್ಲೇ ಹಾಕಿದ್ದರೆ?

ಜುಲೈ 27. ಸ್ಟೇರಿಂಗ್, ದುಬಾರಿ ದಾರಿ

43 ಡಿಗ್ರಿಯೂ ಸಾಲಲಿಲ್ಲ. ಗಿಡ್ಡ ತೋಳಿನ ನಕಲ್ ಕಿಟ್ ಕೊಂಡೆ (ನಕಲ್ ಅಂದರೆ ಮುಂದಿನ ಚಕ್ರವನ್ನು ಹೊತ್ತು ತಿರುಗುವ ಭಾಗ, ಟೈ ರಾಡ್ ಅದರ ತೋಳಿಗೆ ಸೇರುತ್ತದೆ), 850 ಡಾಲರ್. ತೋಳು ಗಿಡ್ಡವಾದರೆ ರ್‍ಯಾಕ್ ಅಷ್ಟೇ ಓಡಿದರೂ ಚಕ್ರ ಜಾಸ್ತಿ ತಿರುಗುತ್ತದೆ. ಸ್ಟೇರಿಂಗ್ ಸ್ವಲ್ಪ ಭಾರವಾಗುತ್ತದೆ. ಹಬ್, ಕ್ಯಾಲಿಪರ್, ಬಾಲ್ ಜಾಯಿಂಟ್ ಎಲ್ಲ ಬಿಚ್ಚಿ ಬದಲಿಸಿದೆ. ಒಂದು ಶನಿವಾರ ಸಾಕಾಯಿತು, ಏನೂ ಮುರಿಯಲಿಲ್ಲ.

ಅಳತೆ: 56 ಡಿಗ್ರಿ.

ಕಿಟ್ ಜೊತೆ ಬಂದ ಕಾಗದದಲ್ಲಿ ಹಳೇ ರ್‍ಯಾಕ್ ಸ್ಪೇಸರ್ ತೆಗೆಯಿರಿ ಅಂತ ಬರೆದಿತ್ತು. ನಾನು ಓದಿದೆ. ಓದಿ, ಇನ್ನೂ ಜಾಸ್ತಿ ತಿರುಗಿದರೆ ಒಳ್ಳೆಯದೇ ಅಲ್ವಾ ಅಂದುಕೊಂಡು ಹಾಗೇ ಬಿಟ್ಟೆ.

ಆಗಸ್ಟ್ 11. ಒಳ್ಳೇ ದಿನ

ಇಡೀ ದಿನ ಏನೂ ಕೆಡಲಿಲ್ಲ. ಎಂಟು ಟೈರ್ ಮುಗಿಸಿದೆ. ಎರಡು ತಿರುವನ್ನು ಕೂಡಿಸಿ ಎಡದಿಂದ ಬಲಕ್ಕೆ ಬದಲಿಸುವುದು ಬಂತು. ಭಾರದ ಕಾರು ಬದಲಿಸುವಾಗ ಒಂದು ಕ್ಷಣ ತೂಗುತ್ತದೆ, ಆ ಕ್ಷಣಕ್ಕೆ ಕಾಯಬೇಕು. ನಿಸ್ಸಾನ್‌ನವರ ಹಾಗೆ ಪಟಪಟ ಬದಲಿಸಲು ಹೋದರೆ 1,600 ಕಿಲೋ ಹತ್ತಿರದ ಈ ಗಾಡಿ ಕೇಳುವುದಿಲ್ಲ. ಕಾದರೆ ಉದ್ದ, ಅಗಲ, ದಪ್ಪ ಹೊಗೆ. ನೋಡಲು ಇದೇ ಚೆಂದ ಅಂತ ನನ್ನ ಅಭಿಪ್ರಾಯ. ಪಕ್ಷಪಾತ ಇರಬಹುದು.

ಮುಂದಿನ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. ಡೆಟ್ರಾಯಿಟ್ ಸುತ್ತಿನ ಹಳೇ ಕಾರೆಲ್ಲ ಒಂದೇ ರಸ್ತೆಗೆ ಇಳಿಯುವ ದಿನ. ರಬ್ಬರ್ ಮೆತ್ತಿಕೊಂಡ ಬಂಪರ್‌ನಲ್ಲೇ ಹೋದೆ. ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಅಜ್ಜ ಬಂದು ಬಗ್ಗಿ ಹಿಂದಿನ ಟೈರ್ ನೋಡಿ, ಬೆನ್ನು ತಟ್ಟಿ ಹೋದರು. ಮಾತಾಡಲಿಲ್ಲ.

ಟೈರ್ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ 17 ಇಂಚು, ಒಂದಕ್ಕೆ 30 ಡಾಲರ್. ಐದು ದಿನಕ್ಕೆ 4, 6, 4, 8, 6. ಒಟ್ಟು 28 ಟೈರ್, 840 ಡಾಲರ್. ಪವರ್ ಜಾಸ್ತಿ ಇರುವ, ಭಾರದ ಗಾಡಿಯ ನಿಜವಾದ ಖರ್ಚು ಇದು. ಕಾರು ಬಿಟ್ಟು, ಐದು ಪ್ರವೇಶದ 450 ಸೇರಿಸಿ ಇದುವರೆಗೆ ಆಗಿದ್ದು 3,910. ಅದರಲ್ಲಿ 610 ಬರೀ ಸದ್ದಿಗೆ.

ಸೆಪ್ಟೆಂಬರ್ 22. ಚಿಲಕ ಬಿತ್ತು

ಮಧ್ಯಾಹ್ನ ಮೂರರ ಹೊತ್ತು. ದೊಡ್ಡ ಕೋನದಲ್ಲಿ ಜಾರುತ್ತಿದ್ದೆ, ಸ್ಟೇರಿಂಗ್ ಪೂರ್ತಿ ಎದುರು ತಿರುಗಿತ್ತು. ಕಾರು ನೆಟ್ಟಗಾಗುವಾಗ ಸ್ಟೇರಿಂಗ್ ತಾನೇ ವಾಪಸ್ ಬರಬೇಕು. ಬರಲಿಲ್ಲ. ನಾನು ಎಳೆದೆ, ಅಲ್ಲಾಡಲಿಲ್ಲ. ಚಕ್ರಗಳು ಅತ್ತ ನೋಡುತ್ತಿವೆ, ಕಾರು ಇತ್ತ ಹೋಗುತ್ತಿದೆ. ಕ್ಲಚ್ ಒತ್ತಿ, ಬ್ರೇಕ್ ಒತ್ತಿ, ಹುಲ್ಲಿಗೆ ಇಳಿದು ನಿಂತೆ. ವೇಗ 30 ಮೈಲಿ ಇದ್ದಿರಬೇಕು. ಎದುರಿಗೆ ಯಾರೂ ಇರಲಿಲ್ಲ.

ಇಳಿದು ನೋಡಿದರೆ ಎಡಗಡೆ ಟೈ ರಾಡ್ ಬಗ್ಗಿತ್ತು. ಮನೆಗೆ ಬಂದು, ಗೆಳೆಯನ ಪಿಕಪ್ ಹಿಂದೆ ಟ್ರೇಲರ್ ಮೇಲೆ, ನಿಧಾನಕ್ಕೆ ಅಳೆದಾಗ ಅರ್ಥವಾಯಿತು. ಚಕ್ರ ಒಂದು ಮಿತಿ ದಾಟಿ ತಿರುಗಿದರೆ ಟೈ ರಾಡೂ ನಕಲ್‌ನ ತೋಳೂ ಒಂದೇ ಗೆರೆಗೆ ಬರುತ್ತವೆ. ಆಮೇಲೆ ಎಳೆದರೆ ಚಕ್ರ ವಾಪಸ್ ಬರುವ ಬದಲು ಅಲ್ಲೇ ಕೂರುತ್ತದೆ, ಬಾಗಿಲಿಗೆ ಚಿಲಕ ಬಿದ್ದ ಹಾಗೆ. ಕಿಟ್ ಮಾಡಿದವರು ಆ ಮಿತಿಯ ಹತ್ತಿರ ತಂದು ನಿಲ್ಲಿಸಿದ್ದರು. ನನ್ನ 5 ಮಿಲಿಮೀಟರ್ ಅದನ್ನು ದಾಟಿಸಿತು. ಕಾಗದದಲ್ಲಿ ಬರೆದಿತ್ತು. ಎರಡನೇ ಸಲ ಹೀಗೆ.

ಬಿಚ್ಚಿದಾಗ ಇನ್ನೊಂದು ಕಂಡಿತು. ಸ್ಪೇಸರ್ ಇದ್ದ ಕಡೆ ಒಳ ಟೈ ರಾಡ್‌ನ ಮರೆ (ತಿರುಪಿನ ಎಳೆ) ರ್‍ಯಾಕ್ ಒಳಗೆ ಹಿಡಿದಿದ್ದು ಅಷ್ಟು ಕಮ್ಮಿ. ಕೊನೆಯ ಎರಡು ಸುತ್ತು ಮರೆ ಹೊಳೆಯುತ್ತಿತ್ತು, ಸಡಿಲವಾಗುತ್ತಾ ಬಂದಿತ್ತು. ಟೈ ರಾಡ್ ಬಗ್ಗದೆ ಇದ್ದಿದ್ದರೆ ಮುಂದಿನ ತಿಂಗಳು ಕಳಚಿಯೇ ಬರುತ್ತಿತ್ತೇನೋ. ಇದನ್ನು ಮನೆಯಲ್ಲಿ ಹೇಳಿಲ್ಲ.

ಅಕ್ಟೋಬರ್ 26. ಈಗಿನ ಸ್ಥಿತಿ

ರ್‍ಯಾಕ್ ಸ್ಪೇಸರ್ ಎರಡೂ ತೆಗೆದೆ. ಸ್ಪೇಸರ್ ಇಲ್ಲದೆ ಅಳೆದರೆ ಬಲಗಡೆ 50 ಡಿಗ್ರಿ. ಕೆಳಗಿನ ಆರ್ಮ್ ಮೇಲೆ ಚಕ್ರ ಬಂದು ಮುಟ್ಟಿ ನಿಲ್ಲಲು ಒಂದು ಸ್ಟಾಪ್ ವೆಲ್ಡ್ ಮಾಡಿಸಬೇಕು. ರ್‍ಯಾಕ್ ಕಡೆಯ ಮರೆಗೆ ಹೊಸ ಟೈ ರಾಡ್ ಕೈಯಲ್ಲಿ ತಿರುಗಿಸಿ ನೋಡಿದೆ, ಬಲಗಡೆ ಸರಿಯಾಗಿ ಹಿಡಿಯುತ್ತದೆ. ಎಡಗಡೆ ಅನುಮಾನ. ಹೊಸ ಎಡ ಟೈ ರಾಡ್ 48 ಡಾಲರ್, ಮಂಗಳವಾರ ಬರುತ್ತದೆ. ಅದು ಪೂರ್ತಿ ಕೂತರೆ ಈ ರ್‍ಯಾಕ್‌ನಲ್ಲೇ ಮುಂದುವರಿಯುತ್ತೇನೆ. ಒಂದು ಸುತ್ತು ಸಡಿಲ ಅನ್ನಿಸಿದರೂ ರ್‍ಯಾಕೇ ಬದಲು. ಗುಜರಿ ಅಂಗಳದಲ್ಲಿ ಒಂದನ್ನು ನೋಡಿ ಇಟ್ಟಿದ್ದೇನೆ, 90 ಅಂದರು.

ಈ ಸಲ ಎರಡು ಲಾಕ್‌ನಟ್‌ಗೂ ಬಿಳಿ ಪೇಂಟ್‌ನಲ್ಲಿ ಗೆರೆ ಎಳೆಯಬೇಕು. ಚಾಕ್‌ಪೀಸ್ ಡಬ್ಬಿಯನ್ನೂ ಟೂಲ್‌ಬಾಕ್ಸಿನ ಮೇಲಿನ ಅರೆಗೆ ತಂದಿಟ್ಟಿದ್ದೇನೆ. ರಸ್ತೆಗೆ ಉಪ್ಪು ಬೀಳುವ ಮುಂಚೆ ಕಾರು ಒಮ್ಮೆ ನೆಲಕ್ಕಿಳಿಯಬೇಕು, ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಹೊಡೆಯುವುದು ಬಾಕಿ ಇದೆ.